ಸ್ವಲ್ಪ ಜಾಸ್ತಿ ತಗೊಳ್ಳಿ ಮೇಸ್ತ್ರಿ, ಬೇಗ ಮುಗಿಸಿಕೊಡಿ

ಹೌದಾ, ಮನೆ ಕಟ್ಟಿಸ್ತಿದ್ದೀರಂತೆ? ಹೇಳಲೇ ಇಲ್ಲ! ಹೇಳದಿದ್ರೂ ಗೊತ್ತಾಗುತ್ತೆ ಬಿಡಿ. ದಾರಿಯಲ್ಲಿ ಯಾರದೋ ಮನೆಗೆ ಸೆಂಟ್ರಿಂಗ್ ಹೊಡೀತಿದ್ರೆ ಸ್ಕೂಟರ್ ನಿಲ್ಲಿಸಿ ಇಣುಕ್ತೀರಿ. ಮದುವೆಗೆ ಹೋದ್ರೆ ಹೆಣ್ಣು-ಗಂಡನ್ನ ಬಿಟ್ಟು ಛತ್ರದ ಕಿಟಕಿ ಗ್ರಿಲ್ ನೋಡ್ತೀರಿ. ಚಿನ್ನದ ರೇಟು ಮರೆತುಹೋಗಿದೆ, ಎಂ-ಸ್ಯಾಂಡ್ ಲೋಡಿನ ರೇಟು ಬಾಯಿಪಾಠ. 30×40 ಸೈಟು, ಕೆಳಗೆ ನೀವು, ಮೇಲೆ ಬಾಡಿಗೆಗೆ, ಟೆರೇಸಲ್ಲಿ ಒಂದು ಪುಟ್ಟ ರೂಮು (ಅದು ಪ್ಲಾನಲ್ಲಿಲ್ಲ. ನಾನು ಕೇಳಿಲ್ಲ, ನೀವು ಹೇಳಿಲ್ಲ).

ಗೃಹಪ್ರವೇಶ ಯಾವಾಗ ಅಂತ ಕೇಳಿ ನಿಮ್ಮ ಬಿ.ಪಿ. ಏರಿಸಲ್ಲ. ಆದ್ರೆ ನೀವೇ ಊರಿಗೆಲ್ಲ ಸಾರಿಕೊಂಡು ಬಂದಿದ್ದೀರಲ್ಲ, ‘ಆಷಾಢಕ್ಕೆ ಮುಂಚೆ ಹಾಲುಕ್ಕಿಸಿಬಿಡ್ತೀವಿ’ ಅಂತ? ಯಾವ ಧೈರ್ಯದ ಮೇಲೆ ಸ್ವಾಮಿ? ಕಟ್ಟಡ ಲಿಂಟಲ್ ಮಟ್ಟ ದಾಟೋ ಮೊದಲೇ ಪುರೋಹಿತರ ಹತ್ರ ಮುಹೂರ್ತ ಇಡಿಸಿದ್ದು, ಅಡುಗೆಯವರಿಗೆ ಅಡ್ವಾನ್ಸ್ ಕೊಟ್ಟಿದ್ದು ನಾನಾ? ಮನೆಗೆ ಇನ್ನೂ ಮೆಟ್ಟಿಲಿಲ್ಲ, ಹೋಳಿಗೆ ಎಷ್ಟು ಅನ್ನೋ ಲೆಕ್ಕ ಮಾತ್ರ ಪಕ್ಕಾ.

ಅವಸರ ಯಾಕೆ ಅಂದ್ರೆ ‘ಬಾಡಿಗೆ ಒಂದು ಕಡೆ, ಬ್ಯಾಂಕಿನ ಬಡ್ಡಿ ಇನ್ನೊಂದು ಕಡೆ’ ಅಂತೀರಿ. ಒಪ್ಪಿದೆ. ಲೋನು ಒಟ್ಟಿಗೆ ಬರಲ್ಲ, ಪ್ಲಿಂತು, ಲಿಂಟಲ್ಲು, ರೂಫು ಅಂತ ಕಂತಲ್ಲಿ ಬರುತ್ತೆ. ಬಂದಷ್ಟಕ್ಕೆ ಅವತ್ತಿಂದಲೇ ಬಡ್ಡಿ. ಆದ್ರೆ ಹೊಟ್ಟೆಯೊಳಗಿರೋ ಕಾರಣ ಅದಲ್ಲ ತಾನೆ? ನಿಮ್ಮ ಷಡ್ಡಕರು ಎಂಟು ತಿಂಗಳಲ್ಲಿ ಮನೆ ಮುಗಿಸಿದ್ರು. ಅವರ ಗೃಹಪ್ರವೇಶದಲ್ಲಿ ಎರಡು ಹೋಳಿಗೆ ಜಾಸ್ತೀನೇ ಹೊಡೆದು, ‘ಅಡುಗೆಮನೆ ಸ್ವಲ್ಪ ಕತ್ತಲೆ ಅಲ್ವಾ’ ಅಂತ ಹೆಂಡತಿ ಕಿವಿಯಲ್ಲಿ ಉಸುರಿದವರು ನೀವು. ಈಗ ಏಳು ತಿಂಗಳಿಗೆ ಮುಗಿಸದಿದ್ರೆ ಮಾನ ಉಳಿಯುತ್ತಾ?

ಅದಕ್ಕೇ ತಾನೆ ಮೊನ್ನೆ ಸಂಜೆ ಮೇಸ್ತ್ರೀನ ಸಂಪಿನ ಹಿಂದಕ್ಕೆ ಕರಕೊಂಡು ಹೋಗಿದ್ದು? ಅತ್ತಿತ್ತ ನೋಡಿ, ಸ್ವರ ಇಳಿಸಿ, ‘ಮೇಸ್ತ್ರಿ, ಸ್ವಲ್ಪ ಜಾಸ್ತಿ ಆದ್ರೂ ಪರವಾಗಿಲ್ಲ, ಬೇಗ ಮುಗಿಸಿಕೊಡಿ’ ಅಂದ್ರಿ. ಮೇಸ್ತ್ರಿ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸ್ಕೊಂಡು, ‘ಮಾಡೋಣ ಸಾರ್. ಲೇಬರ್ ಎಕ್ಸ್‌ಟ್ರಾ ಹಾಕ್ಬೇಕಾಯ್ತದೆ, ಎರಡು ದಿವಸ ನೈಟೂ ಮಾಡ್ಬೇಕಾಯ್ತದೆ. ನೀವೇ ಮನಸ್ಸಿಗೆ ಬಂದಂಗೆ ಏನಾರ ಕೊಡಿ’ ಅಂದ್ರು. ಅಷ್ಟೇ. ಕೊತ್ತಂಬರಿ ಸೊಪ್ಪಿಗೆ ಐದು ರೂಪಾಯಿ ಚೌಕಾಸಿ ಮಾಡೋ ನೀವು, ಯಾರೂ ಕೇಳದ ಮೊತ್ತಾನ ಬಾಯ್ತುಂಬ ಹೇಳಿ ಬಂದಿರಿ. ಅರ್ಧ ಅಲ್ಲೇ, ಫೋನಲ್ಲೇ, ಟಿಂಗ್ ಅಂತ ಕಳಿಸಿದ್ರಿ ಕೂಡ.

ಮಾರನೇ ದಿನ ಬೆಳಗ್ಗೆ ಏಳಕ್ಕೇ ಸೈಟಿಗೆ ಓಡಿದ್ರಿ (ಸುಳ್ಳು ಹೇಳಬೇಡಿ). ಹೊಸದಾಗಿ ನಾಲ್ಕು ಜನ ಬಂದಿದ್ರು. ಮನಸ್ಸಿಗೆ ತಂಪಾಯ್ತು. ಒಬ್ಬ ಮೇಸ್ತ್ರಿ ಭಾವಮೈದ, ಇನ್ನೊಬ್ಬ ಅವನ ಜೊತೆಗೆ ಬಂದವನು. ಉಳಿದ ಇಬ್ಬರು ಕೆಲಸ ಬಲ್ಲವರೇ, ಆದ್ರೆ ನಿಲ್ಲೋಕೆ ಜಾಗ ಬೇಕಲ್ಲ? ಐದಡಿಗೆ ಎಂಟಡಿ ಬಾತ್‌ರೂಮಿಗೆ ಗಿಲಾವು ಮಾಡೋಕೆ ಒಬ್ಬ ಗಾರೆಯವನು, ಬಾಂಡ್ಲಿ ಕೊಡೋಕೆ ಒಬ್ಬ ಹೆಲ್ಪರ್ರು. ಮೂರನೆಯವನು ಒಳಗೆ ಹೋದ್ರೆ ಮೊದಲನೆಯವನು ಹೊರಗೆ ಬರಬೇಕು. ಹತ್ತು ಗಂಟೆಗೆ ಟೀ ಬಂದಾಗ ಮಾತ್ರ ಆರೂ ಜನಕ್ಕೂ ಸಮನಾಗಿ ಕೆಲಸ ಸಿಕ್ತು.

‘ಹಾಗಾದ್ರೆ ಎಲ್ಲರನ್ನೂ ಒಟ್ಟಿಗೆ ಕರೆಸ್ತೀನಿ’ ಅಂತ ಒಂದು ಭಾನುವಾರ ಎಲೆಕ್ಟ್ರಿಷಿಯನ್, ಪ್ಲಂಬರ್, ಬಡಗಿ, ಗಾರೆಯವರು ಎಲ್ಲರಿಗೂ ಫೋನ್ ಮಾಡಿದ್ರಲ್ಲ? ಆ ದೃಶ್ಯ ಟಿಕೆಟ್ ಇಟ್ಟು ತೋರಿಸಬಹುದಿತ್ತು. ಗಾರೆಯವರು ನಯವಾಗಿ ಮಟ್ಟ ಹೊಡೆದು ಬಂದ ಗೋಡೆಗೆ ಎಲೆಕ್ಟ್ರಿಷಿಯನ್ ಕಟರ್ ಇಟ್ಟು ಪೈಪಿಗೆ ದಾರಿ ಕೊರೆದ. ಅವನು ಮುಚ್ಚಿದ ಜಾಗವನ್ನೇ ಪ್ಲಂಬರ್ ಒಡೆದ. ಬಡಗಿ ‘ಬಾಗಿಲ ಅಳತೆ ಆಮೇಲೆ ತಗೊಳ್ತೀನಿ’ ಅಂತ ಹೋದವನು ಇವತ್ತಿಗೂ ಆಮೇಲೆಯಲ್ಲೇ ಇದ್ದಾನೆ. ನಾಲ್ಕು ಜನರ ಕೂಲಿ, ಒಂದು ಗೋಡೆ ಮೂರು ಸಲ. ಸ್ಪೀಡ್ ಅಂದ್ರೆ ಇದೇ ನೋಡಿ.

ಇನ್ನು ನೈಟ್ ಕೆಲಸ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಮಾಡೋ ಕಟ್ಟಡದ ಮೆಷಿನ್ ಓಡಿಸೋ ಹಾಗಿಲ್ಲ ಅಂತ ಶಬ್ದಮಾಲಿನ್ಯದ ನಿಯಮವೇ ಇದೆ. ನಿಯಮ ಗೊತ್ತಿಲ್ಲದಿದ್ರೂ ಪಕ್ಕದ ಮನೆ ಅಜ್ಜಿ ಗೊತ್ತಲ್ಲ? ಸಾಯೋವರೆಗೂ ನೀವು ಅವರ ಮುಖ ನೋಡಬೇಕು. ಮತ್ತೆ ಇನ್ನೊಂದು ವಿಷಯ, ಕಟ್ಟಡ ಕಾರ್ಮಿಕರಿಗೆ ಓಟಿ ಮಾಡಿಸಿದ್ರೆ ದುಪ್ಪಟ್ಟು ಕೂಲಿ ಕೊಡಬೇಕು ಅಂತ ಕಾಯ್ದೆಯೇ ಹೇಳುತ್ತೆ. ನೀವು ಕೊಟ್ಟ ಎಕ್ಸ್‌ಟ್ರಾದಲ್ಲಿ ರಾಯಚೂರು, ಯಾದಗಿರಿ ಕಡೆಯಿಂದ ಬಂದು ಜಲ್ಲಿ ಹೊತ್ತವರ ಕೈಗೆ ಎಷ್ಟು ಹೋಯ್ತು, ಕೇಳಿದ್ರಾ? (ಕೇಳಲ್ಲ. ಕೇಳಿದ್ರೆ ಮೇಸ್ತ್ರಿ ಬೇಜಾರು ಮಾಡ್ಕೊಳ್ತಾರೆ ಅನ್ನೋ ಭಯ.)

ಹೋಗಲಿ, ಜನ ಸಿಕ್ಕರು, ಜಾಗ ಸಿಕ್ತು, ಅಜ್ಜಿ ಮಗಳ ಮನೆಗೆ ಹೋದ್ರು ಅಂತಲೇ ಇಟ್ಕೊಳ್ಳಿ. ಸಿಮೆಂಟಿಗೆ ಯಾರ್ರೀ ಲಂಚ ಕೊಡೋರು? ಮೋಲ್ಡ್ ಹಾಕಿದ ದಿನ ಬಾಡೂಟ ಹಾಕಿಸಿದ್ರಿ, ಕೈಗಿಷ್ಟು ಖುಷಿಯೂ ಕೊಟ್ರಿ, ಎಲ್ಲರೂ ನಿಮ್ಮನ್ನ ಹೊಗಳಿದ್ರು. ಕಾಂಕ್ರೀಟ್ ಒಂದು ಮಾತೂ ಆಡಲಿಲ್ಲ. ಅದಕ್ಕೆ ನಿಮ್ಮ ಬಿರಿಯಾನಿ ಬೇಡ, ನೀರು ಬೇಕು.

ನೀವು ತಿಳ್ಕೊಂಡಿರೋದು ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತೆ ಅಂತ. ಅಲ್ಲ ಮಾರಾಯ್ರೆ, ನೀರು ಕುಡಿದು ಗಟ್ಟಿಯಾಗುತ್ತೆ. ಅದಕ್ಕೇ ಮೋಲ್ಡಿನ ಮೇಲೆ ಸಿಮೆಂಟಿನ ಸಣ್ಣ ಬದು ಕಟ್ಟಿ ಮಡಿಮಡಿಯಾಗಿ ನೀರು ನಿಲ್ಲಿಸೋದು, ಪಿಲ್ಲರಿಗೆ ಗೋಣಿತಾಟು ಸುತ್ತಿ ಹೊತ್ತುಹೊತ್ತಿಗೆ ತೋಯಿಸೋದು. ನಿಮ್ಮ ಸೈಟಲ್ಲಿ ಆ ಕೆಲಸ ಮಾಡೋದು ಯಾರು? ವಾಚ್‌ಮನ್ ಹೆಂಡತಿ. ಬೆಳಗ್ಗೆ ಮಗೂನ ಕಂಕುಳಲ್ಲಿ ಇಟ್ಕೊಂಡು, ಇನ್ನೊಂದು ಕೈಯಲ್ಲಿ ಹಸಿರು ಪೈಪು ಎಳಕೊಂಡು, ಬಾಯಿಗೆ ಹೆಬ್ಬೆರಳು ಒತ್ತಿ ಮೂಲೆಮೂಲೆಗೂ ನೀರು ಚಿಮ್ಮಿಸ್ತಾಳೆ. ಬೇಗ ಕೆಲಸ ಆಗಲಿ ಅಂತ ನೀವು ಹಂಚಿದ ಎಕ್ಸ್‌ಟ್ರಾದಲ್ಲಿ ಆಕೆಗೆ ಬಿಡಿಗಾಸು ಸಿಕ್ಕಿಲ್ಲ. ನಿಮ್ಮ ಮನೆ ನಿಲ್ಲೋದು ಅರ್ಧ ಆಕೆ ಕೈಯಿಂದ.

ನಮ್ಮ ದೇಶದ ಕಾಂಕ್ರೀಟ್ ಸಂಹಿತೆ, ಐಎಸ್ 456 ಅಂತ, 2000ದಲ್ಲಿ ಪರಿಷ್ಕರಿಸಿದ್ದು. ಸಾದಾ ಓಪಿಸಿ ಸಿಮೆಂಟಾದ್ರೆ ಕನಿಷ್ಠ 7 ದಿನ ನೀರುಣಿಸಿ, ಪಿಪಿಸಿ ಥರದ ಮಿಶ್ರಣದ ಸಿಮೆಂಟಾದ್ರೆ ಕನಿಷ್ಠ 10 ದಿನ ಅನ್ನುತ್ತೆ. ಮೋಲ್ಡಿನ ಕೆಳಗಿನ ಊರುಗೋಲು ತೆಗೆಯೋಕೆ ನಾಲ್ಕೂವರೆ ಮೀಟರ್ ಒಳಗಿನ ಅಗಲಕ್ಕೆ 7 ದಿನ, ಅದಕ್ಕಿಂತ ಹೆಚ್ಚಿದ್ರೆ 14. ಆರು ಮೀಟರ್ ದಾಟಿದ ಬೀಮಿಗೆ 21. ಇದೆಲ್ಲ ಓಪಿಸಿ ಲೆಕ್ಕ, ಬೇರೆ ಸಿಮೆಂಟಾದ್ರೆ ಅದಕ್ಕೆ ತಕ್ಕಂತೆ ಬದಲಿಸಿ ಅಂತಲೂ ಅಲ್ಲೇ ಬರೆದಿದೆ. ಹೋಗಿ ನಿಮ್ಮ ಶೆಡ್ಡಿನ ಮೂಟೆ ಮೇಲೆ ಏನಿದೆ ಓದಿ. ಪಿಪಿಸಿ ಅಂತ ಇದೆಯಾ? ನಾನು ಅಂದ್ಕೊಂಡೆ.

ಆದ್ರೂ ‘ಸೆಂಟ್ರಿಂಗ್ ಬಿಚ್ಚಿಬಿಡಿ, ಬಾಡಿಗೆ ಏರ್ತಿದೆ’ ಅಂತ ನಾಲ್ಕನೇ ದಿನವೇ ಶುರು ಮಾಡಿದ್ರಿ. ಕಾಂಕ್ರೀಟಿನ ಬಲ ಅಳೆಯೋದು 28ನೇ ದಿನಕ್ಕೆ, ಒಂದು ವಾರಕ್ಕೆ ಅದಕ್ಕೆ ಬಂದಿರೋದು ಸುಮಾರು ಮೂರನೇ ಎರಡು ಪಾಲು. ದೋಸೆಹಿಟ್ಟು ಹುಳಿ ಬರೋಕೆ ರಾತ್ರಿಯಿಡೀ ಬೇಕು ಅಂತ ನಿಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಗ್ರೈಂಡರಿಗೆ ಇನ್ನೂರು ರೂಪಾಯಿ ಜಾಸ್ತಿ ಕೊಟ್ಟು ಬೆಳಗಿನ ದೋಸೇನ ರಾತ್ರಿಯೇ ಹುಯ್ಯೋರು ಯಾರೂ ಇಲ್ಲ. ಮೋಲ್ಡಿನ ವಿಷಯಕ್ಕೆ ಬಂದ್ರೆ ಮಾತ್ರ ಎಲ್ಲಿಲ್ಲದ ಜಾಣತನ.

ಗೋಡೆದೂ ಅದೇ ಕತೆ. ಗಿಲಾವಿಗೆ ಕುಡಿಸಿದ ನೀರು ಒಳಗೇ ಇರುತ್ತೆ, ನಿಧಾನಕ್ಕೆ ಹೊರಗೆ ಬರಬೇಕು. ಅಷ್ಟರಲ್ಲಿ ನೀವು ಪುಟ್ಟಿ ತೀಡಿಸಿ, ಪ್ರೈಮರ್ ಬಳಿಸಿ, ಸಿನಿಮಾದಲ್ಲಿ ನೋಡಿದ ಆ ನವಿಲುಬಣ್ಣದ ಎಮಲ್ಷನ್ ಹೊಡೆಸ್ತೀರಿ. ಮೊದಲ ಮಳೆಗಾಲಕ್ಕೇ ಬಣ್ಣ ಉಬ್ಬುತ್ತೆ, ಬಿಳಿ ಉಪ್ಪು ಕಾರುತ್ತೆ. ಮೇಲಿನ ಬಾತ್‌ರೂಮಿಗೆ ಒಂದೆರಡು ದಿನ ನೀರು ನಿಲ್ಲಿಸಿ ಸೋರುತ್ತಾ ನೋಡೋಣ ಅಂತ ಇಂಜಿನಿಯರ್ ಅಂದ್ರೆ, ‘ಎರಡು ದಿನ ವೇಸ್ಟು’ ಅಂತೀರಿ. ಆಮೇಲೆ ಕೆಳಗಿನ ದೇವರಕೋಣೆ ಸೀಲಿಂಗಲ್ಲಿ ಒದ್ದೆ ಕಲೆ. ಅಭಿಷೇಕ ಎಲ್ಲಿಂದ ಅಂತ ಯಾರಿಗೂ ಹೇಳೋ ಹಾಗಿಲ್ಲ.

ಇಷ್ಟು ಹೊತ್ತು ಮೇಸ್ತ್ರೀದೂ ಸಿಮೆಂಟಿಂದೂ ಮಾತಾಡಿದ್ದಾಯ್ತು. ಈಗ ಸ್ವಲ್ಪ ಹತ್ರ ಬನ್ನಿ, ಯಾರಿಗೂ ಕೇಳಿಸಬಾರದು. ನಿಮ್ಮ ಮನೆ ತಡ ಆಗ್ತಿರೋದು ಯಾರಿಂದ? ಬೆರಳು ಆಚೆ ತೋರಿಸಬೇಡಿ. ನಿಮ್ಮಿಂದ!

ಅಡುಗೆಮನೆ ಕಿಟಕಿ ಮೊದಲು ಪೂರ್ವಕ್ಕಿತ್ತು. ನಿಮ್ಮ ಅತ್ತಿಗೆ ಕಳಿಸಿದ ವಾಟ್ಸಾಪ್ ಫೋಟೋ ನೋಡಿ ಉತ್ತರಕ್ಕೆ ಹೋಯ್ತು. ವಾಸ್ತು ಹೇಳೋರು ಬಂದು ಕಾಫಿ ಕುಡಿದು ‘ಒಂದಡಿ ಸರಿಸಿದ್ರೆ ಒಳ್ಳೇದು’ ಅಂದಮೇಲೆ ಒಂದಡಿ ಸರಿಯಿತು. ಕಟ್ಟಿದ್ದ ಬ್ಲಾಕು ಎರಡು ಸಲ ಬಿಚ್ಚಿದ್ದಾಯ್ತು. ‘ಚಿಕ್ಕ ಚೇಂಜು, ಒಂದೇ ನಿಮಿಷದ ಕೆಲಸ’ ಅಂತ ನೀವು ಹೇಳೋವಾಗ ಮೇಸ್ತ್ರಿ ಮುಖ ನೋಡಿದ್ದೀರಾ? ಆ ಮುಖ ನೋಡಿದ್ರೆ ಎಕ್ಸ್‌ಟ್ರಾ ಕೇಳದೇ ಇರೋದೇ ದೊಡ್ಡ ಗುಣ ಅನ್ನಿಸುತ್ತೆ.

ಸ್ವಿಚ್ ಪಾಯಿಂಟ್ ಎಲ್ಲೆಲ್ಲಿ ಅಂತ ಎಲೆಕ್ಟ್ರಿಷಿಯನ್ ಸೀಮೆಸುಣ್ಣ ಹಿಡ್ಕೊಂಡು ಗೋಡೆ ಮುಂದೆ ನಿಂತಿದ್ದ. ನೀವು ‘ಮಗಳನ್ನ ಕೇಳಿ ಹೇಳ್ತೀನಿ’ ಅಂದ್ರಿ. ಮಗಳು ‘ಅಪ್ಪಾ, ನಿಮಗಿಷ್ಟ ಬಂದ ಕಡೆ’ ಅಂದ್ಲು. ನೀವು ಹೇಳಿದ ಮೇಲೆ ‘ಅಲ್ಲಿ ಯಾಕಪ್ಪಾ?’ ಅಂದ್ಲು. ಮೂರು ವಾರ ಹೋಯ್ತು. ಆ ಮೂರು ವಾರಕ್ಕೆ ನೀವು ಯಾರಿಗೆ ಎಕ್ಸ್‌ಟ್ರಾ ಕೊಟ್ರೆ ಸರಿಹೋಗ್ತಿತ್ತು? ಮಗಳಿಗಾ?

ಕಾಯೋದು ನಿಮಗೊಬ್ಬರಿಗೇ ಬಂದಿದ್ದಲ್ಲ. ಮೈಸೂರಲ್ಲಿ ಹಳೇ ಮರದ ಅರಮನೆ ಸುಟ್ಟುಹೋಗಿದ್ದು 1897ರಲ್ಲಿ. ಹೆನ್ರಿ ಇರ್ವಿನ್ ಅನ್ನೋ ವಾಸ್ತುಶಿಲ್ಪಿ ನಕ್ಷೆ ಹಾಕಿದ ಈಗಿನ ಅರಮನೆ ಮುಗಿದಿದ್ದು 1912ಕ್ಕೆ, ಖರ್ಚು 41 ಲಕ್ಷ ಚಿಲ್ಲರೆ. ಹದಿನೈದು ವರ್ಷ! ಅಷ್ಟೂ ಕಾಲ ರಾಜಮನೆತನದವರಿಗೆ ಜಗನ್ಮೋಹನ ಅರಮನೆಯೇ ಆಸರೆ. ಮಹಾರಾಜ ನಾಲ್ವಡಿಯವರ ಅಧಿಕಾರ ಸ್ವೀಕಾರ ಆಗಿದ್ದೂ ಅಲ್ಲೇ, 1902ರಲ್ಲಿ. ಅಷ್ಟು ದೊಡ್ಡ ಖಜಾನೆ ಇದ್ದೋರೇ ಕಾದರು. ಮುಗಿದಮೇಲೂ ದರ್ಬಾರ್ ಹಾಲ್ ಮತ್ತೆ ದೊಡ್ಡದು ಮಾಡಿಸಿದ್ರು (ಕಟ್ಟಿಸೋರ ಚಪಲ ಅರಮನೆಗೂ ಬಿಟ್ಟಿದ್ದಲ್ಲ, ನಿಮ್ಮದೇನು ಮಹಾ).

‘ದುಡ್ಡು ಕೊಟ್ರೆ ಬೇಗ ಆಗೋದೇ ಇಲ್ವಾ ಹಾಗಾದ್ರೆ?’ ಅಂತ ನೀವು ಹುಬ್ಬು ಗಂಟಿಕ್ಕಿದ್ದು ಕಾಣ್ತಿದೆ. ಆಗುತ್ತೆ, ಯಾಕಾಗಲ್ಲ. 1994ರ ಜನವರಿ 17ಕ್ಕೆ ಲಾಸ್ ಏಂಜಲೀಸ್ ಕಡೆ ನಾರ್ತ್‌ರಿಡ್ಜ್ ಭೂಕಂಪ ಆಗಿ ಸಾಂಟಾ ಮೋನಿಕಾ ಫ್ರೀವೇಯ ಸೇತುವೆಗಳು ಕುಸಿದವು. ಮತ್ತೆ ಕಟ್ಟೋಕೆ ಸರ್ಕಾರ 140 ದಿನ ಗಡುವು ಕೊಟ್ಟಿತು. ಒಂದು ದಿನ ಮೊದಲು ಮುಗಿಸಿದ್ರೆ 2 ಲಕ್ಷ ಡಾಲರ್ ಬಹುಮಾನ, ಒಂದು ದಿನ ತಡವಾದ್ರೆ ಅಷ್ಟೇ ದಂಡ. ಕಾಂಟ್ರಾಕ್ಟರು ಹಗಲು-ರಾತ್ರಿ ದುಡಿಸಿ 66 ದಿನಕ್ಕೆ ಮುಗಿಸಿ, 1.4 ಕೋಟಿ ಡಾಲರಿಗೂ ಮೇಲೆ ಬೋನಸ್ ಎಣಿಸಿಕೊಂಡ.

ಆದ್ರೆ ಗಮನಿಸಿ. ಬಹುಮಾನ ಕೊಟ್ಟಿದ್ದು ಕೆಲಸ ಮುಗಿದಮೇಲೆ. ನೀವು ಕೊಟ್ಟಿದ್ದು ಸಂಪಿನ ಹಿಂದೆ, ಅಡ್ವಾನ್ಸು. ಅಲ್ಲಿ ದಂಡವೂ ಇತ್ತು, ಎರಡೂ ಕಾಗದದ ಮೇಲಿತ್ತು. ನಿಮ್ಮದು ಬಾಯಿಮಾತು, ಸಾಕ್ಷಿ ಅಂದ್ರೆ ಪಕ್ಕದಲ್ಲಿದ್ದ ಬೀದಿನಾಯಿ. ಎಲ್ಲಕ್ಕಿಂತ ಮುಖ್ಯ, ಆ ಸರ್ಕಾರ ನಡುವೆ ಬಂದು ‘ಸೇತುವೆ ಒಂಚೂರು ಎಡಕ್ಕೆ ತಿರುಗಿಸಿ, ನಮ್ಮ ಅತ್ತಿಗೆ ಹೇಳ್ತಿದ್ದಾರೆ’ ಅನ್ನಲಿಲ್ಲ.

ನಿಜಕ್ಕೂ ಜಾಸ್ತಿ ಖರ್ಚು ಮಾಡಬೇಕು ಅಂತ ಕೈ ತುರಿಸ್ತಿದ್ರೆ ಜಾಗ ಬೇರೆ ಇದೆ. ಮೋಲ್ಡಿಗೆ ರೆಡಿಮಿಕ್ಸ್ ತರಿಸಿ, ಇಡೀ ದಿನದ ಗಲಾಟೆ ಕೆಲವೇ ಗಂಟೆಗೆ ಮುಗಿಯುತ್ತೆ. ಮನೆ ಒಳಗೆ ಗಾರೆಯವರು ಇರೋವಾಗಲೇ ಕಾಂಪೌಂಡಿಗೆ ಬೇರೆ ಗ್ಯಾಂಗ್ ಹಾಕಿಸಿ, ಅಲ್ಲಿ ನಿಲ್ಲೋಕೆ ಜಾಗ ಇದೆ. ಕಿಟಕಿ, ಬಾಗಿಲು, ಗ್ರಾನೈಟು ಆರ್ಡರ್ ಮಾಡೋದು ಬೇಕಾದಾಗ ಅಲ್ಲ, ಬೇಕಾಗೋಕೆ ಎರಡು ತಿಂಗಳು ಮುಂಚೆ.

ಮತ್ತೆ ಶನಿವಾರದ ಬಟವಾಡೆ. ಎಕ್ಸ್‌ಟ್ರಾ ಆಮೇಲಿರಲಿ, ಕೊಡಬೇಕಾಗಿದ್ದನ್ನ ಶನಿವಾರ ಸಂಜೆ ಕೊಟ್ಟಿದ್ದೀರಾ? ‘ಸೋಮವಾರ ಬ್ಯಾಂಕಿಂದ ಬರುತ್ತೆ ಮೇಸ್ತ್ರಿ’ ಅಂತ ಎಷ್ಟು ಸಲ ಹೇಳಿದ್ದೀರಿ, ನೆನಪು ಮಾಡ್ಕೊಳ್ಳಿ. ಬಟವಾಡೆ ಸಿಗದವರು ಭಾನುವಾರ ಸಂತೆ ಹೇಗೆ ಮಾಡ್ತಾರೆ? ಸೋಮವಾರ ಪಕ್ಕದ ರೋಡಿನ ಸೈಟಿಗೆ ಹೋಗ್ತಾರೆ. ಆಗ ನೀವು ‘ಈಗಿನ ಕಾಲದ ಲೇಬರಿಗೆ ನಿಯತ್ತಿಲ್ಲ’ ಅಂತ ವಾಕಿಂಗ್ ಗೆಳೆಯರ ಹತ್ರ ಭಾಷಣ ಬಿಗೀತೀರಿ. ಅವರೂ ತಲೆ ಆಡಿಸ್ತಾರೆ (ಅವರೂ ಮನೆ ಕಟ್ಟಿಸಿದೋರೇ).

ಇಷ್ಟೆಲ್ಲ ಹೇಳಿದ್ರೂ ನೀವು ಮುಹೂರ್ತ ಬದಲಿಸಲ್ಲ, ನನಗೆ ಗೊತ್ತು. ಆಷಾಢಕ್ಕೆ ಮೂರು ದಿನ ಇರೋವಾಗ ಗೃಹಪ್ರವೇಶ ಆಗೇ ಆಗುತ್ತೆ. ಮುಂಬಾಗಿಲು ಇರುತ್ತೆ, ಬಚ್ಚಲಿಗೆ ಬಾಗಿಲಿರಲ್ಲ, ನಿಮ್ಮ ಪಂಚೆ ಅಡ್ಡ ಕಟ್ಟಿರುತ್ತೆ. ಸ್ವಿಚ್‌ಬೋರ್ಡಿಂದ ವೈರು ನಾಲಗೆ ಚಾಚಿರುತ್ತೆ. ಹಸು ಒಳಗೆ ಬರೋಕೆ ರ‍್ಯಾಂಪ್ ಇಲ್ಲದೆ ಹಲಗೆ ಇಟ್ಟು, ಅದು ಹಿಂದೆ ಸರಿದು, ಎಲ್ಲರೂ ‘ಬಾರಮ್ಮ ತಾಯಿ’ ಅಂತ ಬೇಡ್ಕೊಂಡು, ಕೊನೆಗೆ ಬಾಳೆಹಣ್ಣಿನ ಗೊನೆ ತೋರಿಸಿ ಒಳಗೆ ಕರೀತಾರೆ. ಹೋಮದ ಹೊಗೆ ಹಸಿ ಬಣ್ಣಕ್ಕೆ ಹಿಡಿದು ಹಾಲ್ ಸೀಲಿಂಗ್ ಬೂದಿಯಾಗುತ್ತೆ. ಷಡ್ಡಕರು ಬಂದು ಮೂರು ಹೋಳಿಗೆ ತಿಂದು, ಅಡುಗೆಮನೆ ಒಳಗೆ ಹೋಗಿ, ಹೆಂಡತಿ ಕಿವಿಯಲ್ಲಿ ಏನೋ ಹೇಳ್ತಾರೆ.

ಆಮೇಲೆ ಮೇಸ್ತ್ರಿಗೆ ಶಾಲು, ಪಂಚೆ, ತಾಂಬೂಲ, ಬಾಕಿ ಎಕ್ಸ್‌ಟ್ರಾ ಎಲ್ಲ ಕೊಡ್ತೀರಿ. ‘ಉಳಿದಿದ್ದು ಚಿಲ್ಲರೆ ಕೆಲಸ ಸಾರ್, ಬುಧವಾರ ಹುಡುಗರನ್ನ ಕಳಿಸ್ತೀನಿ’ ಅಂತಾರೆ. ಯಾವ ಬುಧವಾರ ಅಂತ ನೀವು ಕೇಳಲ್ಲ, ಅವರು ಹೇಳಲ್ಲ. ಗೃಹಪ್ರವೇಶ ಆದ ಮನೆಗೆ ಮೇಸ್ತ್ರಿ ವಾಪಸ್ ಬರಲ್ಲ, ಇದನ್ನ ಮನೆ ಕಟ್ಟಿಸಿದ ಯಾರನ್ನ ಬೇಕಾದ್ರೂ ಕೇಳಿ ನೋಡಿ. ಆ ಬಚ್ಚಲ ಬಾಗಿಲು ನಿಮ್ಮ ಮಗಳ ಮದುವೆ ಹೊತ್ತಿಗೆ ಬಂದ್ರೆ ಪುಣ್ಯ.

ಅದಕ್ಕೇ ಹೇಳ್ತೀನಿ, ಸಂಪಿನ ಹಿಂದಿನ ಉಳಿದರ್ಧ ಸದ್ಯಕ್ಕೆ ಜೇಬಲ್ಲೇ ಇರಲಿ. ಸೆಂಟ್ರಿಂಗಿಗೆ ಇನ್ನೊಂದು ವಾರ ಕೈ ಹಚ್ಚಬೇಡಿ. ವಾಚ್‌ಮನ್ ಹೆಂಡತಿಗೆ ಇವತ್ತೇ ಏನಾದ್ರೂ ಕೊಡಿ. ಆಮೇಲೆ ನೆಟ್ಟಗೆ ಟೈಲ್ಸ್ ಅಂಗಡಿಗೆ ಹೋಗಿ ಬಾತ್‌ರೂಮಿಂದು ಫೈನಲ್ ಮಾಡಿಬಿಡಿ. ಹೋಗೋವಾಗ ಅತ್ತಿಗೇನ ಕರ್ಕೊಂಡು ಹೋಗಬೇಡಿ.